ಎಲ್ಲರ ಗಾಡಿಯೂ ಒಂದೇ ಆದಾಗ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ದೀಪಾವಳಿ ಹತ್ತಿರವಾಯಿತೆಂದರೆ ಈ ಎರಡೂ ತಾಲ್ಲೂಕುಗಳಲ್ಲಿ ಹೋರಿಯದೇ ಮಾತು. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ಹೋರಿ ಕಟ್ಟಿದವರು. ಅವರ ಮನೆಯಲ್ಲಿ ಮಕ್ಕಳಿಗೆ ತಪ್ಪಿದರೂ ಹೋರಿಗೆ ಹುರುಳಿ, ಹತ್ತಿಕಾಳು ತಪ್ಪಿದ್ದಿಲ್ಲ. ನಾನು ಕಾರ್ ರೇಸ್ ಕಲಿಯಲು ಹೋಗುತ್ತಿದ್ದೇನೆಂಬ ಸುದ್ದಿ ಮನೆಗೆ ಗೊತ್ತಾದ ವರ್ಷ, ಕೊಟ್ಟಿಗೆಯಲ್ಲಿ ಹೋರಿಯ ಮೈ ತಿಕ್ಕುತ್ತಾ ಅವರು ಕೇಳಿದರು:

“ನೀ ಓಡ್ಸೋ ಕಾರು ಯಾವ್ದು?”

“ನಂದಲ್ಲ ಚಿಕ್ಕಪ್ಪ, ಬಾಡಿಗೇದು. ಅಲ್ಲಿ ಎಲ್ಲರ ಕಾರೂ ಒಂದೇ ಥರ. ಒಂದೇ ಎಂಜಿನ್, ಒಂದೇ ಟೈರು. ಯಾರೂ ಏನೂ ಬದಲು ಮಾಡಂಗಿಲ್ಲ.”

ಅವರು ತಿಕ್ಕುವುದನ್ನು ನಿಲ್ಲಿಸಿದರು. “ಎಲ್ಲಾರ್ದೂ ಒಂದೇ ಅಂದ್ರೆ ಗೆದ್ದೋನು ಯಾರು ಅಂತ ಹೆಂಗೆ ಗೊತ್ತಾಗ್ತೈತಿ?”

ಆಗ ನಾನು ನಕ್ಕುಬಿಟ್ಟೆ. ಎಲ್ಲರದೂ ಒಂದೇ ಆದರೆ ತಾನೆ ಗೆದ್ದವನು ಯಾರೆಂದು ಗೊತ್ತಾಗುವುದು, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವರ ಲೋಕದಲ್ಲಿ ಒಂದು ಹೋರಿಯಂತೆ ಇನ್ನೊಂದಿಲ್ಲ. ಒಂದಕ್ಕೆ ಕಾಲಿನ ಚುರುಕು, ಇನ್ನೊಂದಕ್ಕೆ ಎದೆಯ ಕಸುವು, ಮತ್ತೊಂದಕ್ಕೆ ಜನರ ನಡುವೆ ಸಂದು ಹುಡುಕುವ ಜಾಣತನ. ಕೊಬ್ಬರಿ ಸರ ಕಟ್ಟಿ, ಜೂಲಾ ಹೊದಿಸಿ, ಬಲೂನು ರಿಬ್ಬನ್ನುಗಳಿಂದ ಸಿಂಗರಿಸಿ ಅಖಾಡಕ್ಕೆ ಬಿಟ್ಟರೆ, ಸರ ಉಳಿಸಿಕೊಂಡು ಪಾರಾದ ಹೋರಿ ಗೆದ್ದಂತೆ. ಸರ ಹರಿದುಕೊಂಡ ಹುಡುಗ ಸಿಕ್ಕರೆ ಅವನು ಗೆದ್ದಂತೆ. ಹೆಸರು ಬರುವುದು ಹೋರಿಗೆ, ಆಮೇಲೆ ಅದನ್ನು ಸಾಕಿದ ಮನೆಗೆ. ಎಲ್ಲರೂ ಒಂದೇ ಥರದ ಹೋರಿ ತನ್ನಿ ಎಂದರೆ ಹಬ್ಬವೇ ಇಲ್ಲ.

ಆ ಪ್ರಶ್ನೆ ನಾನು ತಿಳಿದಷ್ಟು ಸುಲಭದ್ದಲ್ಲ ಎಂದು ಗೊತ್ತಾಗಲು ನನಗೆ ಒಂದು ರೇಸ್ ಬೇಕಾಯಿತು. ರೇಸ್ ಎನ್ನುವುದಕ್ಕಿಂತ, ರೇಸ್ ಮುಗಿದ ಮೇಲಿನ ಮೂವತ್ತು ನಿಮಿಷ.

*

ಎಲ್ಲರಿಗೂ ಒಂದೇ ನಮೂನೆಯ ಕಾರು ಕೊಟ್ಟು ಓಡಿಸುವ ರೇಸಿಗೆ ಸ್ಪೆಕ್ ಕ್ಲಾಸ್ ಎನ್ನುತ್ತಾರೆ. ಎಂಜಿನ್ ಯಾವುದು, ಟೈರ್ ಯಾವುದು, ಕನಿಷ್ಠ ತೂಕ ಎಷ್ಟು ಎಂಬುದೆಲ್ಲ ನಿಯಮದ ಪುಸ್ತಕದಲ್ಲಿರುತ್ತದೆ. ಎಂಜಿನ್ನನ್ನು ಬಿಚ್ಚಿ ಒಳಗೆ ಕೈಯಾಡಿಸದಂತೆ ಸೀಲ್ ಹಾಕುವುದೂ ಉಂಟು. ಇಂಗ್ಲೆಂಡಿನಲ್ಲಿ 1967ರಲ್ಲಿ ಶುರುವಾದ ಫಾರ್ಮುಲಾ ಫೋರ್ಡ್ ಪೂರ್ತಿ ಈ ಬಗೆಯದಲ್ಲದಿದ್ದರೂ, ಸಾಮಾನ್ಯ ಕಾರಿನ ಎಂಜಿನ್ನನ್ನೇ ಎಲ್ಲರಿಗೂ ಕಡ್ಡಾಯ ಮಾಡಿ ಖರ್ಚಿಗೆ ಕಡಿವಾಣ ಹಾಕಿತು. ಅಮೆರಿಕದಲ್ಲಿ ಮಾಜ್ದಾ ಮಿಯಾಟಾ ಎಂಬ ಪುಟ್ಟ ಕಾರಿನ ಸ್ಪೆಕ್ ರೇಸುಗಳಲ್ಲಿ ವಾರವಿಡೀ ಆಫೀಸಿನಲ್ಲಿ ದುಡಿದವರು ಭಾನುವಾರ ಓಡಿಸುತ್ತಾರೆ. ಅದೇ ದೇಶದಲ್ಲಿ 1973ರಲ್ಲಿ ಬೇರೆ ಬೇರೆ ಬಗೆಯ ರೇಸುಗಳ ಘಟಾನುಘಟಿಗಳನ್ನು ಕರೆದು, ಎಲ್ಲರಿಗೂ ಒಂದೇ ಮಾದರಿಯ ಪೋರ್ಷೆ ಕೊಟ್ಟು ಯಾರು ಮೇಲು ಎಂದು ನೋಡುವ ಪಂದ್ಯಾವಳಿಯೂ ಹುಟ್ಟಿತು.

ನಮ್ಮಲ್ಲಿ ಈ ಕತೆಗೆ ಒಬ್ಬ ಮನುಷ್ಯನ ಹೆಸರಿದೆ. ಬಹುಕಾಲ ದಕ್ಷಿಣ ಭಾರತದಲ್ಲಿ ಕಾರ್ ರೇಸ್ ಎಂದರೆ ಮದ್ರಾಸಿನ ಹತ್ತಿರ, ಎರಡನೆಯ ಮಹಾಯುದ್ಧದ ಕಾಲದ ಶೋಳಾವರಂ ವಿಮಾನ ಓಡುದಾರಿ. ಅಲ್ಲಿ ಹಣವಿದ್ದವರು ಹೊರದೇಶದ ಎಂಜಿನ್ ತರಿಸಿ ಓಡಿಸುತ್ತಿದ್ದರು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯ ಹೊತ್ತಿಗೆ, ಆಗತಾನೆ ಊರೂರಿಗೆ ಬರುತ್ತಿದ್ದ ಮಾರುತಿ 800ರ ಎಂಜಿನ್ ಇಟ್ಟು ಒಬ್ಬರೇ ಕೂರುವ ಪುಟ್ಟ ರೇಸ್ ಕಾರು ರೂಪಿಸಿದರು. ಅದೇ ಫಾರ್ಮುಲಾ ಮಾರುತಿ. ಎಲ್ಲರಿಗೂ ಅದೇ ಕಾರು, ಅದೇ ಎಂಜಿನ್, ಕೈಗೆಟುಕುವ ಬೆಲೆ. ಮುಂದೆ 2005ರಲ್ಲಿ ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯನಾದ ನಾರಾಯಣ್ ಕಾರ್ತಿಕೇಯನ್ ಮೊದಲು ಕೈ ಪಳಗಿಸಿಕೊಂಡದ್ದು ಇಂಥ ಕಾರಿನಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕಿಗೆ ಅವರ ಹೆಸರೇ ಇದೆ: ಕರಿ ಮೋಟಾರ್ ಸ್ಪೀಡ್‌ವೇ. ಸುಮಾರು ಎರಡು ಕಿಲೋಮೀಟರಿನ ಟ್ರ್ಯಾಕು. ಮಾರುತಿ ಸುಜುಕಿಯ 1300 ಸಿಸಿ ಎಂಜಿನ್ ಇರುವ, ರೆಕ್ಕೆಗಳಿಲ್ಲದ ಎಲ್‌ಜಿಬಿ ಫಾರ್ಮುಲಾ ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಓಡುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಕೊಯಮತ್ತೂರು.

ಕರಿವರ್ಧನ್ ಮಾಡಿದ್ದನ್ನು ನಾನು ಬರೀ ಯಂತ್ರದ ಕೆಲಸವೆಂದು ನೋಡುವುದಿಲ್ಲ. ‘ನಿನ್ನ ಅಪ್ಪನ ಹಣ ಎಷ್ಟು’ ಎಂಬ ಪ್ರಶ್ನೆಯನ್ನು ಟ್ರ್ಯಾಕಿನ ಗೇಟಿನಲ್ಲೇ ನಿಲ್ಲಿಸುವ ಪ್ರಯತ್ನ ಅದು. ಪೂರ್ತಿ ನಿಲ್ಲಿಸಲಾಗಲಿಲ್ಲ. ಆ ಮಾತಿಗೆ ಬರುತ್ತೇನೆ.

*

ನಾನು ಶುರು ಮಾಡಿದ್ದು ಮೂವತ್ತು ದಾಟಿದ ಮೇಲೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸ ನನ್ನದು. ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತೆಗೆದು ಬದಿಗಿಡಬೇಕು. ಭಾನುವಾರಗಳಲ್ಲಿ ಊರಾಚೆಯ ಕಾರ್ಟಿಂಗ್ ಟ್ರ್ಯಾಕಿಗೆ ಹೋಗಿ ಬಾಡಿಗೆ ಕಾರ್ಟ್ ಓಡಿಸುತ್ತಿದ್ದೆ. ಎರಡು ವರ್ಷ ಅದೇ. ಆಮೇಲೆ ಎರಡು ದಿನದ ತರಬೇತಿ, ವೈದ್ಯರ ಸರ್ಟಿಫಿಕೇಟು, ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ಲೈಸೆನ್ಸು. ಬೆಂಕಿ ತಡೆಯುವ ಸೂಟು, ಹೆಲ್ಮೆಟ್ಟು, ಕತ್ತು ಮುರಿಯದಂತೆ ಹೆಗಲ ಮೇಲೆ ಕೂರುವ ಹಾನ್ಸ್ ಸಾಧನ. ಬಾವುಟಗಳ ಪಾಠ: ಹಳದಿ ಬೀಸಿದರೆ ಅಪಾಯ, ಹಿಂದಿಕ್ಕುವಂತಿಲ್ಲ, ನೀಲಿ ಬೀಸಿದರೆ ಹಿಂದೆ ವೇಗದವನು ಬರುತ್ತಿದ್ದಾನೆ, ಕೆಂಪು ಬೀಸಿದರೆ ರೇಸ್ ನಿಂತಿತು. ವೇಗ ಇರುವುದು ಆಕ್ಸಿಲರೇಟರಿನಲ್ಲಲ್ಲ, ಬ್ರೇಕನ್ನು ಎಷ್ಟು ನಯವಾಗಿ ಬಿಡುತ್ತೇವೆ ಎಂಬುದರಲ್ಲಿ ಎನ್ನುವುದು ನನಗೆ ಅಲ್ಲಿ ಸಿಕ್ಕ ದೊಡ್ಡ ಪಾಠ. ತಿರುವಿನಲ್ಲಿ ಕಾಲು ಸರಕ್ಕನೆ ಎತ್ತಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಹಿಂದಕ್ಕೆ ಜಾರಿ ಕಾರು ಹೇಳಿದ ಮಾತು ಕೇಳುವುದಿಲ್ಲ.

ಒಂದು ವಾರಾಂತ್ಯದ ರೇಸಿಗೆ ನಾನು ಕೊಟ್ಟ ಬಾಡಿಗೆ, ನಮ್ಮ ಮನೆಗೆ ಒಂದು ಎಕರೆ ಮೆಕ್ಕೆಜೋಳದಿಂದ ಉಳಿಯುವ ಹಣಕ್ಕಿಂತ ಹೆಚ್ಚು. ಅವ್ವನಿಗೆ ಲೆಕ್ಕ ಹೇಳಲಿಲ್ಲ. ಆದರೂ ಅವಳು ಬೇರೆ ಲೆಕ್ಕ ಕೇಳಿದಳು: “ಹೋರಿ ಹಬ್ಬದಾಗೆ ಸಾಯೋರು ಸಾಲ್ದು ಅಂತ ನೀ ರೊಕ್ಕ ಕೊಟ್ಟು ಸಾಯಾಕೆ ಹೊಂಟಿಯೇನು?” ಹೋರಿ ತಿವಿದು ಸತ್ತವರ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ. ಸಾಯುವವರಲ್ಲಿ ಅಖಾಡಕ್ಕೆ ಇಳಿದವರೂ ಇರುತ್ತಾರೆ, ಬೇಲಿಯ ಪಕ್ಕ ನಿಂತು ನೋಡುವವರೂ ಇರುತ್ತಾರೆ. ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಸ್ಪೆಕ್ ಕಾರಿನಲ್ಲಿ ಕೂತ ಮೊದಲ ದಿನವೇ ನನ್ನ ಹೆಮ್ಮೆ ಇಳಿಯಿತು. ಎಲ್ಲಕ್ಕಿಂತ ವೇಗವಾಗಿ ಓಡಿಸಿದವನಿಗಿಂತ ಒಂದು ಸುತ್ತಿಗೆ ಎರಡು ಸೆಕೆಂಡು ಹಿಂದಿದ್ದೆ. ರಸ್ತೆಯಲ್ಲಿ ಯಾರಾದರೂ ನಮ್ಮನ್ನು ದಾಟಿ ಹೋದರೆ ‘ಅವನದು ದೊಡ್ಡ ಗಾಡಿ’ ಎಂದು ಸಮಾಧಾನ ಮಾಡಿಕೊಳ್ಳಬಹುದು. ಇಲ್ಲಿ ಆ ನೆಪವಿಲ್ಲ. ಅವನ ಕಾರೂ ನಿನ್ನದೇ ಕಾರು. ಉಳಿದದ್ದು ನೀನು. ನನಗೆ ಈ ಕ್ರೀಡೆ ಹಿಡಿಸಿದ್ದು ಈ ಕಾರಣಕ್ಕೇ. ಬದುಕಿನಲ್ಲಿ ಎಷ್ಟೋ ಕಡೆ ಸೋಲು ಗೆಲುವುಗಳಲ್ಲಿ ನಮ್ಮ ಪಾಲೆಷ್ಟು, ಹುಟ್ಟಿದ ಮನೆಯ ಪಾಲೆಷ್ಟು, ಅದೃಷ್ಟದ್ದೆಷ್ಟು ಎಂದು ಬಿಡಿಸಿ ನೋಡಲಾಗುವುದಿಲ್ಲ. ಇಲ್ಲಿ ಕೆಲವು ನಿಮಿಷಗಳ ಮಟ್ಟಿಗೆ ಬಿಡಿಸಿ ನೋಡಬಹುದು ಎಂದುಕೊಂಡೆ.

ಹಾಗಂದುಕೊಂಡದ್ದು ಅರ್ಧ ಸತ್ಯ. ಕಾರು ಒಂದೇ ಆದರೂ ರೇಸಿಗೆ ಮುಂಚೆ ಹತ್ತು ದಿನ ಅಭ್ಯಾಸಕ್ಕೆ ಹಣ ಕಟ್ಟಿದವನೂ, ಒಂದೇ ದಿನ ಕಟ್ಟಿದವನೂ ಒಂದೇ ಅಲ್ಲ. ಹೊಸ ಟೈರಿನಲ್ಲಿ ಅಭ್ಯಾಸ ಮಾಡಿದವನೂ ಸವೆದ ಟೈರಿನವನೂ ಒಂದೇ ಅಲ್ಲ. ಎಂಟನೇ ವಯಸ್ಸಿಗೆ ಕಾರ್ಟ್ ಹತ್ತಿದ ಹುಡುಗನೂ, ಎಂಟನೇ ವಯಸ್ಸಿಗೆ ಎತ್ತಿನ ಗಾಡಿಯ ಮೂಕಿ ಹತ್ತಿದ ನಾನೂ ಒಂದೇ ಅಲ್ಲ. ಇನ್ನೂ ಮುಂದೆ ಹೋದರೆ, ಚುರುಕಾದ ಕಣ್ಣು, ಅಳುಕದ ಮನಸ್ಸು ಇವನ್ನೂ ಯಾರೂ ದುಡಿದು ಸಂಪಾದಿಸಿದ್ದಲ್ಲ. ಪ್ರತಿಭೆಯೂ ಹುಟ್ಟಿನ ಲಾಟರಿಯೇ, ಅದರ ಫಲಕ್ಕೆ ನಾವು ಪೂರ್ತಿ ಹಕ್ಕುದಾರರಲ್ಲ ಎಂದು 1971ರ ತಮ್ಮ ಗ್ರಂಥದಲ್ಲಿ ಜಾನ್ ರಾಲ್ಸ್ ವಾದಿಸಿದ್ದರು. ಹಾಗಾದರೆ ಕಾರುಗಳನ್ನು ಮಾತ್ರ ಸಮ ಮಾಡಿ ಏನು ಸಾಧಿಸಿದಂತಾಯಿತು? ಬೇಲಿಯ ಹೊರಗೆ ಇಡೀ ಲೋಕ ಏರುಪೇರಾಗಿರುವಾಗ ಬೇಲಿಯ ಒಳಗಿನ ಈ ಸಣ್ಣ ಸಮಾನತೆ ಒಂದು ನಾಟಕವಲ್ಲವೆ?

*

ಈಗ ನನ್ನ ರೇಸಿನ ಮಾತು. ಎಲ್ಲಿ, ಯಾವ ವರ್ಷ ಎಂದು ಹೇಳುವುದಿಲ್ಲ. ಅಲ್ಲಿ ನನ್ನದನ್ನು ಬಿಟ್ಟು ಬೇರೆ ಯಾರ ತಪ್ಪೂ ಇರಲಿಲ್ಲ.

ಹೊಸಬರ ರೇಸು, ಹತ್ತು ಸುತ್ತು. ಯಾರಿಗೆ ಯಾವ ಕಾರು ಎಂದು ಚೀಟಿ ಎತ್ತಿ ಹಂಚಿದ್ದರು. ಆ ವರ್ಗದಲ್ಲಿ ಚಾಲಕನೂ ಸೇರಿ ಕಾರಿನ ಕನಿಷ್ಠ ತೂಕ ನಿಗದಿಯಾಗಿತ್ತು. ನನ್ನಂಥ ಸಣಕಲು ಮೈಯವರು ಸೀಟಿನ ಕೆಳಗೆ ಸೀಸದ ಪ್ಲೇಟು ಕಟ್ಟಿಕೊಂಡು ತೂಕ ಸರಿದೂಗಿಸಬೇಕು. ನನಗೆ ಎರಡು ಪ್ಲೇಟು ಬೇಕಾಗಿತ್ತು, ಒಂದೊಂದೂ ಐದು ಕಿಲೋ. ಹಿಂದಿನ ದಿನದ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು.

ನನ್ನ ಪಕ್ಕದ ಶೆಡ್ಡಿನಲ್ಲಿ ಬಯಲುಸೀಮೆಯ ಒಬ್ಬ ಹುಡುಗ. ಹತ್ತೊಂಬತ್ತು ವರ್ಷ. ಅವನ ಅಪ್ಪ ಟ್ರ್ಯಾಕ್ಟರ್ ರಿಪೇರಿ ಮಾಡುವವರು. ಕನ್ನಡದವರು ಇಬ್ಬರೇ ಇದ್ದುದರಿಂದ ಬೇಗ ಹೊಂದಿಕೊಂಡೆವು. ಅವನು ನನ್ನನ್ನು ಅಣ್ಣಾ ಎನ್ನುತ್ತಿದ್ದ. ಬೆಳಿಗ್ಗೆ ಇಡ್ಲಿ ತಿನ್ನುವಾಗ ಹೇಳಿದ: “ನಾಲ್ಕರೊಳಗೆ ಬಂದ್ರೆ ಇನ್ನೊಂದು ರೌಂಡಿಗೆ ದುಡ್ಡು ಕೊಡ್ತೀನಿ ಅಂದಾರಣ್ಣ ನಮ್ಮಪ್ಪ. ಇಲ್ಲಾಂದ್ರೆ ಅಂಗಡೀಲಿ ಕೂತ್ಕೊ ಅಂದಾರೆ.” ನಕ್ಕುಕೊಂಡೇ ಹೇಳಿದ. ನಾನೂ ನಕ್ಕೆ.

ಬೆಳಗಿನ ಅಭ್ಯಾಸದಲ್ಲಿ ನನ್ನ ಬೆನ್ನು ಹಿಡಿದುಕೊಂಡಿತು. ಸೀಟನ್ನು ಸ್ವಲ್ಪ ಹಿಂದೆ ಸರಿಸಬೇಕಾಯಿತು. ಮೆಕ್ಯಾನಿಕ್ ಬೇರೆ ಕಾರಿನ ಬಳಿ ಇದ್ದ. ಸ್ಪ್ಯಾನರ್ ಹಿಡಿಯಲು ಬಾರದವನೇನಲ್ಲ ನಾನು. ಪ್ಲೇಟುಗಳನ್ನು ಬಿಚ್ಚಿದೆ, ಸೀಟು ಸರಿಸಿದೆ, ಮತ್ತೆ ಕಟ್ಟಿದೆ. ಅಷ್ಟರಲ್ಲಿ ಗ್ರಿಡ್ಡಿಗೆ ಬರಲು ಕರೆ ಬಂತು.

ಕೆಂಪು ದೀಪಗಳು ಆರಿದ ಮೇಲಿನ ಹತ್ತು ಸುತ್ತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರನೆಯವನಾಗಿ ಹೊರಟಿದ್ದೆ. ಮುಂದಿನ ಇಬ್ಬರು ಒಂದು ತಿರುವಿನಲ್ಲಿ ಒಬ್ಬರಿಗೊಬ್ಬರು ತಾಗಿ ಬದಿಗೆ ಹೋದರು. ನಾನು ನಾಲ್ಕನೆಯವನಾದೆ, ನನ್ನ ಹಿಂದೆ ಆ ಹುಡುಗ. ಕೊನೆಯ ನಾಲ್ಕು ಸುತ್ತು ಅವನ ಕಾರಿನ ಮೂತಿ ನನ್ನ ಕನ್ನಡಿ ಬಿಟ್ಟು ಹೋಗಲಿಲ್ಲ. ತಿರುವುಗಳಲ್ಲಿ ಹತ್ತಿರ ಬರುತ್ತಿದ್ದ, ತಿರುವಿನಿಂದ ಹೊರಬಿದ್ದು ವೇಗ ಹಿಡಿಯುವಾಗ ಒಂದು ಮಾರು ಹಿಂದಾಗುತ್ತಿದ್ದ. ಬಾವುಟ ಬಿದ್ದಾಗ ನಮ್ಮಿಬ್ಬರ ನಡುವೆ ಅರ್ಧ ಸೆಕೆಂಡೂ ಇರಲಿಲ್ಲ. ಹೆಲ್ಮೆಟ್ಟಿನೊಳಗೆ ಒಬ್ಬನೇ ಕೂಗಿಕೊಂಡೆ. ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ದಿನ ಕಡಿಮೆ.

ಮೊದಲ ಮೂರು ಕಾರುಗಳನ್ನು ತೂಕಕ್ಕೆ ಕರೆದೊಯ್ದರು. ನನ್ನದನ್ನು ಕರೆಯಲಿಲ್ಲ. ಶೆಡ್ಡಿಗೆ ಬಂದು ಕೈ ಒರೆಸಿಕೊಳ್ಳಲೆಂದು ಬಟ್ಟೆ ಎತ್ತಿದೆ. ಬಟ್ಟೆಯ ಕೆಳಗೆ ಒಂದು ಸೀಸದ ಪ್ಲೇಟು ಇತ್ತು.

*

ರೇಸ್ ಮುಗಿದ ಮೇಲೆ ಫಲಿತಾಂಶವನ್ನು ಮೊದಲು ತಾತ್ಕಾಲಿಕ ಎಂದು ಹಲಗೆಗೆ ಅಂಟಿಸುತ್ತಾರೆ. ತಕರಾರಿದ್ದವರು ಮೂವತ್ತು ನಿಮಿಷದೊಳಗೆ ಸಲ್ಲಿಸಬೇಕು. ಆಮೇಲೆ ಅದು ಅಂತಿಮ.

ನಾನು ಒಂದು ಹಳೆಯ ಟೈರಿನ ಮೇಲೆ ಕೂತೆ. ಪ್ಲೇಟು ತೊಡೆಯ ಮೇಲಿತ್ತು. ಮೊದಲ ಹತ್ತು ನಿಮಿಷ, ಐದು ಕಿಲೋ ಏನು ಮಹಾ ಎಂದು ಲೆಕ್ಕ ಹಾಕಿದೆ. ತಿರುವಿನಿಂದ ಹೊರಬೀಳುವಾಗ ಅವನು ಹಿಂದಾಗುತ್ತಿದ್ದ ಆ ಒಂದು ಮಾರು ಕಣ್ಣ ಮುಂದೆ ಬಂತು. ಅದು ಪ್ಲೇಟಿನದೋ ನನ್ನ ಕೈಯದೋ ಹೇಳಲಾಗುವುದಿಲ್ಲ. ಪ್ರತಿ ಸುತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಲಾಭವಾಗಿದ್ದರೂ ಹತ್ತು ಸುತ್ತಿಗೆ ಅರ್ಧ ಸೆಕೆಂಡು. ಎರಡನೆಯ ಹತ್ತು ನಿಮಿಷ, ನಾನು ಬೇಕೆಂದು ಮಾಡಿದ್ದಲ್ಲವಲ್ಲ ಎಂದುಕೊಂಡೆ. ಕೊನೆಯ ಹತ್ತು ನಿಮಿಷ ಏನೂ ಯೋಚಿಸಲಿಲ್ಲ, ಗಡಿಯಾರ ನೋಡುತ್ತಾ ಕೂತಿದ್ದೆ. ಅಧಿಕಾರಿಗಳ ಕೋಣೆ ನಲವತ್ತು ಹೆಜ್ಜೆ ದೂರದಲ್ಲಿತ್ತು. ನಡುವೆ ಆ ಹುಡುಗ ಬಂದು, “ಸೂಪರ್ ಅಣ್ಣ, ಒಂದು ಸಂದೂ ಬಿಡ್ಲಿಲ್ಲ ನೋಡ್ರಿ” ಎಂದು ಕೈಕುಲುಕಿ ಹೋದ. ಆಗ ಪ್ಲೇಟಿನ ಮೇಲೆ ಬಟ್ಟೆ ಎಳೆದುಕೊಂಡಿದ್ದೆ.

ಸಮಯ ಮುಗಿಯಿತು. ನಾನು ನಾಲ್ಕನೆಯವನು ಎಂಬುದು ದಾಖಲಾಯಿತು.

ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಗೈಜೀಸ್ ಎಂಬ ಕುರುಬನ ಉಂಗುರದ ಕತೆ ಬರುತ್ತದೆ. ಅದನ್ನು ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಕಾಣದ ಹಾಗಾದ ಮೇಲೂ ನ್ಯಾಯವಾಗಿ ನಡೆಯುವವರು ಉಂಟೆ, ಎಂಬುದು ಅಲ್ಲಿ ಕೇಳುವ ಪ್ರಶ್ನೆ. ಕಾಲೇಜಿನಲ್ಲಿ ಓದಿದಾಗ ಅದು ರಾಜ್ಯ ಕಬಳಿಸುವಂಥ ದೊಡ್ಡವರ ಕತೆ ಅನಿಸಿತ್ತು. ಉಂಗುರ ಎಂದರೆ ಗ್ರೀಸು ಎಣ್ಣೆ ಮೆತ್ತಿದ ಒಂದು ಬಟ್ಟೆಯೂ ಆಗಬಹುದು ಎಂದು ಹೊಳೆದಿರಲಿಲ್ಲ.

ನನಗೆ ಹೆಚ್ಚು ಕಾಡಿದ್ದು ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞ. 1978ರಲ್ಲಿ ಬಂದ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕದಲ್ಲಿ ಅವರು ಆಟವೆಂದರೆ ಏನು ಎಂದು ಬಿಡಿಸಿ ನೋಡುತ್ತಾರೆ. ಬೇಡದಿದ್ದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಹೊರಡುವುದೇ ಆಟ ಎಂಬುದು ಅವರ ವಾದದ ಸಾರ. ಹತ್ತು ಸುತ್ತು ಹಾಕಿ ಹೊರಟ ಜಾಗಕ್ಕೇ ಬರುವುದು ಗುರಿಯಾದರೆ ಹೊರಡುವ ಅಗತ್ಯವೇ ಇಲ್ಲ. ನಿಯಮಗಳನ್ನು ಒಪ್ಪಿಕೊಂಡದ್ದರಿಂದಲೇ ಅದು ರೇಸು. ಆದ್ದರಿಂದ ಮೋಸ ಮಾಡಿದವನು ಗೆಲ್ಲುವುದೇ ಇಲ್ಲ. ಏಕೆಂದರೆ ಅವನು ಆ ಆಟವನ್ನೇ ಆಡಿರುವುದಿಲ್ಲ.

ಹಾಗಾದರೆ ನಾನು ಆಡಿದೆನೋ ಇಲ್ಲವೋ? ಬಾವುಟ ಬೀಳುವವರೆಗೆ ನನಗೆ ಪ್ಲೇಟಿನ ವಿಷಯ ಗೊತ್ತಿರಲಿಲ್ಲ. ಪೂರ್ತಿ ಮನಸ್ಸಿನಿಂದ ಆಡಿದ್ದೆ. ಟ್ರ್ಯಾಕಿನ ಮೇಲೆ ನಡೆದದ್ದು ಎಡವಟ್ಟು. ಮೋಸ ನಡೆದದ್ದು ಟೈರಿನ ಮೇಲೆ ಕೂತಿದ್ದಾಗ, ಎಂಜಿನ್ ಆರಿದ ಮೇಲೆ, ಒಂದು ಅಡಿಯೂ ಚಲಿಸದೆ. ಸ್ಪೆಕ್ ಕ್ಲಾಸಿನ ಸಮಾನತೆ ಎಂದರೆ ಕಾರುಗಳ ಗುಣ ಎಂದು ನಾನು ನಂಬಿದ್ದೆ. ಸೀಲು, ತಕ್ಕಡಿ, ಚೀಟಿ ಅದನ್ನು ಕಾಯುತ್ತವೆ ಎಂದುಕೊಂಡಿದ್ದೆ. ಆದರೆ ತಕ್ಕಡಿ ಮೂವರನ್ನು ತೂಗಿತು, ನಾಲ್ಕನೆಯವನನ್ನು ತೂಗಲಿಲ್ಲ. ಯಾವ ನಿಯಮದ ಪುಸ್ತಕಕ್ಕೂ ಎಲ್ಲರನ್ನೂ ಎಲ್ಲ ಹೊತ್ತಿನಲ್ಲೂ ತೂಗಲು ಆಗುವುದಿಲ್ಲ. ಉಳಿದದ್ದು ಓಡಿಸುವವರು ಒಬ್ಬರಿಗೊಬ್ಬರು ಕೊಟ್ಟುಕೊಂಡ ಮಾತು. ಕಾರುಗಳು ಸಮವಾಗಿರುವುದು ಆ ಮಾತು ಉಳಿದಿರುವಷ್ಟು ಹೊತ್ತು ಮಾತ್ರ.

ಬೇಲಿಯೊಳಗಿನ ಸಮಾನತೆ ನಾಟಕವಲ್ಲವೆ ಎಂಬ ಪ್ರಶ್ನೆಗೂ ನನಗೆ ಆ ಮೇಲೆ ಬೇರೆ ಉತ್ತರ ಕಂಡಿತು. ಆ ಹುಡುಗನಿಗೆ ನನಗಿಂತ ಕಡಿಮೆ ಹಣ, ಕಡಿಮೆ ಅಭ್ಯಾಸ, ನೆತ್ತಿಯ ಮೇಲೆ ಅಪ್ಪನ ಷರತ್ತು. ಅದನ್ನೆಲ್ಲ ನಾನು ಸರಿಮಾಡಲಾರೆ. ಇಡೀ ಲೋಕದಲ್ಲಿ ಅವನಿಗೆ ‘ನೀನೂ ಉಳಿದವರೂ ಒಂದೇ’ ಎಂದು ಯಾರಾದರೂ ಮಾತು ಕೊಟ್ಟದ್ದಿದ್ದರೆ ಅದು ಆ ಹತ್ತು ಸುತ್ತಿಗೆ ಮಾತ್ರ. ಹೊರಗೆ ಅನ್ಯಾಯ ತುಂಬಿದೆ, ಆದ್ದರಿಂದ ಒಳಗಿನ ಸಣ್ಣ ನ್ಯಾಯಕ್ಕೆ ಬೆಲೆಯಿಲ್ಲ ಎನ್ನುವುದು ಹೊಟ್ಟೆ ತುಂಬಿದವರ ತರ್ಕ. ಅವನ ಪಾಲಿಗೆ ಸಿಕ್ಕ ನ್ಯಾಯ ಅಷ್ಟೇ ಆಗಿದ್ದರಿಂದ, ಅದನ್ನು ಕಸಿದುಕೊಂಡದ್ದು ಸಣ್ಣ ತಪ್ಪಲ್ಲ.

*

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಸೊರಬ ತಾಲ್ಲೂಕಿನ ಒಂದು ಊರಲ್ಲಿ ಹಬ್ಬ. ಚಿಕ್ಕಪ್ಪನ ಹೋರಿ ಜನರ ನಡುವೆ ನುಗ್ಗಿ ಧೂಳಿನಲ್ಲಿ ಮಾಯವಾಯಿತು. ಮೈಕಿನಲ್ಲಿ ಹೋರಿ ಪಾರಾಯಿತೆಂದು ಕೂಗಿದರು. ಅಖಾಡದ ಆಚೆ ತುದಿಯಲ್ಲಿ ಹಗ್ಗ ಹಿಡಿದ ಚಿಕ್ಕಪ್ಪ ಹೋರಿಯ ಕೊರಳು ಸವರಿದರು. ಎರಡು ಸರ ಕಟ್ಟಿದ್ದರು, ಒಂದೇ ಇತ್ತು. ದಾರ ತಾನಾಗಿ ಹರಿದಿರಬಹುದು, ಯಾರೋ ಕಿತ್ತಿರಬಹುದು. ಕಿತ್ತವರು ಯಾರೂ ಮುಂದೆ ಬಂದಿರಲಿಲ್ಲ. ಚಿಕ್ಕಪ್ಪ ಹೋರಿಯನ್ನು ಅಣ್ಣನ ಮಗನ ಕೈಗೆ, ಅಂದರೆ ನನ್ನ ಕೈಗೆ ಕೊಟ್ಟು ವೇದಿಕೆಯತ್ತ ನಡೆದರು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ತಿದ್ದಿ ಹೇಳಿದರು. ಆಮೇಲೆ ಒಬ್ಬ ಹುಡುಗ ಮೊಣಕೈ ತರಚಿಸಿಕೊಂಡು, ಹರಿದ ಸರ ಹಿಡಿದು, ಜನರ ನಡುವಿನಿಂದ ಕುಂಟುತ್ತಾ ಬಂದ.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ: “ಯಾರೂ ನೋಡಿರ್ಲಿಲ್ಲ. ಸುಮ್ನಿದ್ದಿದ್ರೆ ಆಗ್ತಿತ್ತಲ್ಲ ಚಿಕ್ಕಪ್ಪ?”

“ಹೋರಿಗೆ ಗೊತ್ತೈತಲ್ಲಪ್ಪ” ಎಂದರು. ಅದು ದೊಡ್ಡ ಮಾತೆಂದು ಅವರಿಗೆ ಅನಿಸಿದಂತಿರಲಿಲ್ಲ. ಮುಂದಿನ ಮಾತು ಹಿಂಡಿಯ ಬೆಲೆಯದಾಗಿತ್ತು.

ಹೋರಿಗೆ ಗೊತ್ತಾಗುತ್ತದೆಯೇ ಇಲ್ಲವೇ ನಾನು ಹೇಳಲಾರೆ. ಆದರೆ ವರ್ಷವಿಡೀ ಬೆಳಗಾಗುವ ಮುಂಚೆ ಎದ್ದು ಹೋರಿಯನ್ನು ಕೆರೆಯಲ್ಲಿ ಈಜಿಸಿ, ಮೇಯಿಸಿ, ಮೈ ತಿಕ್ಕಿದವರಿಗೆ ಮರುದಿನ ಬೆಳಿಗ್ಗೆ ಮತ್ತೆ ಅದರ ಮುಖ ನೋಡಬೇಕಲ್ಲ. ನನ್ನ ಕಾರು ಬಾಡಿಗೆಯದು. ಭಾನುವಾರ ಸಂಜೆ ಕೊಟ್ಟು ಬಂದರೆ ಮುಗಿಯಿತು. ಅದರ ಮುಖ ನಾನು ನೋಡಬೇಕಿಲ್ಲ. ಎಲ್ಲರಿಗೂ ಒಂದೇ ಥರದ, ಯಾರದೂ ಅಲ್ಲದ ಗಾಡಿ ಕೊಟ್ಟರೆ ನೆಪಗಳು ಹೋಗುತ್ತವೆ, ನಿಜ. ಅದರ ಜೊತೆಗೆ ನಮ್ಮನ್ನು ಕಾಯುವ ಇನ್ನೇನೋ ಒಂದೂ ಹೋಗುತ್ತದೆ. ಆ ಜಾಗವನ್ನು ನಾವೇ ತುಂಬಬೇಕು. ಚಿಕ್ಕಪ್ಪನ ಮೊದಲ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ ಎಂದದ್ದು ಇದಕ್ಕೆ.

ಬೆಂಗಳೂರಿಗೆ ವಾಪಸು ಬಂದು ಸಂಘಟಕರಿಗೆ ಪತ್ರ ಬರೆದೆ. ಗಡುವು ಮುಗಿದಿದ್ದರಿಂದ ಫಲಿತಾಂಶ ಬದಲಾಗಲಿಲ್ಲ. ಆಮೇಲೆ ಆ ಹುಡುಗನಿಗೆ ಫೋನು ಮಾಡಿದೆ. ಅವನು ಅಪ್ಪನ ಅಂಗಡಿಯಲ್ಲಿದ್ದ. ಹಿಂದೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ. ಬಹಳ ಹೊತ್ತು ಮಾತಿಲ್ಲ.

“ಅವತ್ತು ಹೇಳಿದ್ರೆ ಆಗ್ತಿತ್ತಣ್ಣ,” ಎಂದ. “ಈಗ ಯಾಕೆ ಹೇಳಿದ್ರಿ? ನಾನು ಕೈಲಾಗ್ದೆ ಸೋತೆ ಅಂದ್ಕೊಂಡು ಒಂದು ಥರ ಅರಾಮಾಗಿದ್ದೆ. ಈಗ ದಿನಾ ಇದೇ ಯೋಚ್ನೆ ಆಗ್ತದೆ.”

ಮುಂದಿನ ರೌಂಡಿನ ಬಾಡಿಗೆ ನಾನು ಕೊಡುತ್ತೇನೆಂದೆ. ಬೇಡವೆಂದ. ಸಿಟ್ಟಿನಿಂದಲ್ಲ. “ಅದು ಬ್ಯಾರೆ ಅಣ್ಣ,” ಎಂದಷ್ಟೇ ಹೇಳಿದ.

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನ್ನದು ಹಗುರಾಯಿತು, ನಿಜ ಹೇಳಬೇಕು. ಆದರೆ ಆ ಭಾರ ಎಲ್ಲಿಗೆ ಹೋಯಿತು ಎಂದು ಯಾರೂ ಹೇಳಿರಲಿಲ್ಲ. ಮೂವತ್ತು ನಿಮಿಷದೊಳಗೆ ಹೇಳಿದ್ದರೆ ಅದು ಅವನಿಗೆ ಸಲ್ಲಬೇಕಾದದ್ದನ್ನು ಕೊಟ್ಟಂತೆ. ಮೂರು ತಿಂಗಳ ಮೇಲೆ ಹೇಳಿದ್ದು ಯಾರಿಗಾಗಿ? ಹೇಳದೆ ಇದ್ದಿದ್ದರೆ ಸರಿಯಿತ್ತೆ? ಇರಲಿಲ್ಲ ಎಂದೇ ನನ್ನ ಮನಸ್ಸು ಹೇಳುತ್ತದೆ. ಅವನ ಸೋಲಿನ ಸತ್ಯ ಅವನ ಆಸ್ತಿ. ನನ್ನ ಹತ್ತಿರ ಇಟ್ಟುಕೊಳ್ಳಲು ಹಕ್ಕಿಲ್ಲ. ಆದರೆ ತಡವಾಗಿ ಹಿಂದಿರುಗಿಸಿದ ಆಸ್ತಿಗೆ ಬಡ್ಡಿ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಈ ವರ್ಷ ಮತ್ತೆ ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ. ಅವ್ವ ಬೈದಳು. ಚಿಕ್ಕಪ್ಪ ಬೈಯಲಿಲ್ಲ. “ಎಲ್ಲಾರ ಕಾರೂ ಈಗ್ಲೂ ಒಂದೇ ಏನು?” ಎಂದು ಕೇಳಿದರು.

“ಒಂದೇ ಇರ್ಬೇಕು ಚಿಕ್ಕಪ್ಪ,” ಎಂದೆ. “ಹಾಕೋ ಬೋಲ್ಟನ್ನ ಎರಡು ಸಲ ನೋಡಿ ಹಾಕ್ಬೇಕು.”